ತೊಟ್ಟಿಲು ತಿರುಗುವ ಮುನ್ನ: ಮನೋರಂಜನಾ ಯಂತ್ರಗಳ ಸುರಕ್ಷತೆ ಮತ್ತು ನಮ್ಮ ಹೊಣೆ

ಮಳೆಗಾಲ ಮುಗಿದು ದೀಪಾವಳಿ ಕಳೆಯುತ್ತಿದ್ದಂತೆ ನಮ್ಮ ಕರಾವಳಿಯಲ್ಲಿ ಉತ್ಸವಗಳ ಕಾಲ ಆರಂಭವಾಗುತ್ತದೆ. ದೇವಸ್ಥಾನಗಳ ರಥೋತ್ಸವ, ಊರೂರಿನ ನೇಮ, ಬ್ರಹ್ಮಕಲಶೋತ್ಸವ, ಕಾರ್ಕಳ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕಾದ ಜನವರಿ ತಿಂಗಳ ವಾರ್ಷಿಕ ಮಹೋತ್ಸವ, ಕಾಪುವಿನ ಮಾರಿಗುಡಿಗಳ ಸುಗ್ಗಿ ಮಾರಿಪೂಜೆ, ಎರಡು ವರ್ಷಗಳಿಗೊಮ್ಮೆ ಜನವರಿ 18ರಂದು ನಡೆಯುವ ಉಡುಪಿಯ ಪರ್ಯಾಯ, ಕಡಲತೀರದ ಉತ್ಸವಗಳು ಹೀಗೆ ಒಂದರ ಬೆನ್ನಿಗೆ ಒಂದು ಬರುತ್ತಲೇ ಇರುತ್ತವೆ. ಜನ ಸೇರುವಲ್ಲಿ ವ್ಯಾಪಾರ ಸೇರುವುದು ಸಹಜ. ಇಂತಹ ಸಂದಣಿಯ ದಿನಗಳನ್ನು ನೋಡಿಕೊಂಡೇ ಸಂಚಾರಿ ಮನೋರಂಜನಾ ತಂಡಗಳು ಲಾರಿಗಳಲ್ಲಿ ತಮ್ಮ ಸರಂಜಾಮು ಹೇರಿಕೊಂಡು ನಾಡಿನುದ್ದಕ್ಕೂ ಸಂಚರಿಸುತ್ತವೆ. ನಿನ್ನೆಯವರೆಗೆ ಖಾಲಿಯಾಗಿದ್ದ ಗದ್ದೆಯಲ್ಲಿ ಮೂರು ದಿನಗಳೊಳಗೆ ಜೈಂಟ್ ವೀಲ್, ಕೊಲಂಬಸ್ ದೋಣಿ, ಬ್ರೇಕ್ ಡ್ಯಾನ್ಸ್, ಡ್ರ್ಯಾಗನ್ ರೈಲು ಎದ್ದು ನಿಲ್ಲುತ್ತವೆ. ಹತ್ತು ದಿನ ಕಳೆದರೆ ಅವು ಅಲ್ಲಿರುವುದಿಲ್ಲ.

ವೃತ್ತಿಯ ನಿಮಿತ್ತ ಹಲವು ಉತ್ಸವ ಸಮಿತಿಗಳ ಲೆಕ್ಕಪತ್ರಗಳನ್ನು ಪರಿಶೀಲಿಸುವ ಅವಕಾಶ ನನಗೆ ಒದಗಿದೆ. ಕೆಲವು ವರ್ಷಗಳ ಹಿಂದೆ ಇಂತಹ ಒಂದು ಸಮಿತಿಯ ಕಡತವನ್ನು ನೋಡುತ್ತಿದ್ದೆ. ಹೂವಿನ ಅಲಂಕಾರಕ್ಕೆ ಬಿಲ್ಲು ಇತ್ತು, ಶಾಮಿಯಾನಕ್ಕೆ ಮೂರು ದರಪಟ್ಟಿಗಳಿದ್ದವು, ಅನ್ನಸಂತರ್ಪಣೆಯ ಅಕ್ಕಿಗೆ ಮೂಟೆಯ ಲೆಕ್ಕವಿತ್ತು. ಮನೋರಂಜನಾ ಯಂತ್ರಗಳಿಗೆ ಜಾಗ ಕೊಟ್ಟ ಬಾಬ್ತು ಬಂದ ಮೊತ್ತವೂ ಜಮೆಯಾಗಿತ್ತು. ಆದರೆ ಆ ಯಂತ್ರಗಳನ್ನು ಯಾರಾದರೂ ಪರೀಕ್ಷಿಸಿದ್ದರೇ, ವಿಮೆ ಇತ್ತೇ ಎಂಬುದಕ್ಕೆ ಒಂದು ಹಾಳೆಯೂ ಇರಲಿಲ್ಲ. ಕೇಳಿದಾಗ ಕೋಶಾಧಿಕಾರಿಗಳು, "ಅದೆಲ್ಲ ಆಟದವರದ್ದೇ ಅಲ್ವಾ ಸರ್, ನಮಗೆ ನೆಲಬಾಡಿಗೆ ಮಾತ್ರ" ಎಂದರು. ಅವರು ಪ್ರಾಮಾಣಿಕರು, ಒಂದು ರೂಪಾಯಿಯೂ ಅತ್ತಿತ್ತ ಆಗಿರಲಿಲ್ಲ. ಆದರೂ ಆ ಉತ್ತರ ನನ್ನ ಮನಸ್ಸಿನಲ್ಲಿ ಉಳಿಯಿತು. ಅಲಂಕಾರದ ಹೂವು ಬಾಡಿದರೆ ಯಾರಿಗೂ ನಷ್ಟವಿಲ್ಲ. ತೊಟ್ಟಿಲಿನ ಒಂದು ಪಿನ್ನು ಕಳಚಿದರೆ ಒಂದು ಮನೆಯ ದೀಪವೇ ಆರಬಹುದು. ಅಂದಮೇಲೆ ದಾಖಲೆ ಬೇಕಾದುದು ಯಾವುದಕ್ಕೆ?

ಈ ಲೇಖನದ ಆಶಯ ಇಷ್ಟೇ. ಮನೋರಂಜನಾ ಯಂತ್ರದ ಸುರಕ್ಷತೆಯು ಅದೃಷ್ಟದ ವಿಷಯವಲ್ಲ, ತಾಂತ್ರಿಕರಿಗೆ ಮಾತ್ರ ತಿಳಿಯುವ ಗುಟ್ಟೂ ಅಲ್ಲ. ಅದು ದಿನನಿತ್ಯ ಬರೆದಿಡಬೇಕಾದ ಒಂದು ಲೆಕ್ಕ. ಆ ಲೆಕ್ಕವನ್ನು ಕೇಳುವ ಹಕ್ಕು ಮತ್ತು ಹೊಣೆ ಎರಡೂ ಜಾಗ ಕೊಡುವವರಿಗೆ, ಅಂದರೆ ಉತ್ಸವ ಸಮಿತಿಗಳಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧಿಕಾರಿಗಳಾಗಿರುವ ನಮ್ಮಂತಹ ವ್ಯಾಪಾರಸ್ಥರಿಗೆ ಮತ್ತು ಉದ್ಯಮಿಗಳಿಗೆ ಇದೆ.

ಸ್ಥಿರ ಉದ್ಯಾನವೂ ಸಂಚಾರಿ ಯಂತ್ರವೂ

ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾದಂತಹ ಸ್ಥಿರ ಉದ್ಯಾನಗಳಲ್ಲಿ ಯಂತ್ರವು ಕಾಂಕ್ರೀಟಿನ ತಳಪಾಯದ ಮೇಲೆ ಒಂದೇ ಕಡೆ ನಿಂತಿರುತ್ತದೆ. ನೋಡಿಕೊಳ್ಳಲು ಖಾಯಂ ಸಿಬ್ಬಂದಿ, ಬಿಡಿಭಾಗಗಳ ದಾಸ್ತಾನು, ದುರಸ್ತಿಯ ಕಾರ್ಯಾಗಾರ ಅಲ್ಲಿಯೇ ಇರುತ್ತವೆ. ಜಾತ್ರೆಯ ಯಂತ್ರದ ಸ್ಥಿತಿ ಬೇರೆ. ಅದನ್ನು ವರ್ಷದಲ್ಲಿ ಹತ್ತಾರು ಬಾರಿ ಬಿಚ್ಚಿ, ಲಾರಿಗೆ ಹೇರಿ, ಹೊಂಡ ಬಿದ್ದ ರಸ್ತೆಗಳಲ್ಲಿ ಸಾಗಿಸಿ, ಮತ್ತೆ ಜೋಡಿಸಬೇಕಾಗುತ್ತದೆ. ಪ್ರತಿ ಜೋಡಣೆಯಲ್ಲೂ ನೂರಾರು ನಟ್ಟು ಬೋಲ್ಟುಗಳು ಕೈಯಿಂದ ಕೈಗೆ ಹೋಗುತ್ತವೆ. ಒಂದು ಕಳೆದುಹೋದರೆ ಸಮೀಪದ ಅಂಗಡಿಯಿಂದ ತಂದ, ಅಳತೆ ಸರಿಯಿದ್ದರೂ ಬಲ ಕಡಿಮೆಯಿರುವ ಇನ್ನೊಂದು ಅದರ ಜಾಗದಲ್ಲಿ ಕುಳಿತುಕೊಳ್ಳುವ ಸಾಧ್ಯತೆ ಸದಾ ಇದೆ.

ನೆಲದ ವಿಷಯವೂ ಹಾಗೆಯೇ. ನಮ್ಮಲ್ಲಿ ಮುರಕಲ್ಲಿನ ಗಟ್ಟಿ ನೆಲವಿದೆ, ಕೊಯ್ಲಾದ ಗದ್ದೆಯ ಮೆದು ಮಣ್ಣಿದೆ, ಕಡಲತೀರದ ಮರಳೂ ಇದೆ. ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ ಚೌಕಟ್ಟು ಮೊದಲ ದಿನ ರಸಮಟ್ಟಕ್ಕೆ ಸರಿಯಾಗಿದ್ದರೂ ಮೂರನೆಯ ದಿನ ಒಂದು ಬದಿ ಕುಸಿದಿರಬಹುದು. ಚೌಕಟ್ಟು ವಾಲಿದರೆ ತಿರುಗುವ ಭಾಗದ ಭಾರವೆಲ್ಲ ಒಂದೇ ಕಡೆಯ ಬೇರಿಂಗಿನ ಮೇಲೆ, ಒಂದೇ ಸಾಲಿನ ಬೋಲ್ಟುಗಳ ಮೇಲೆ ಬೀಳುತ್ತದೆ. ಆದುದರಿಂದ ಮಟ್ಟವನ್ನು ಜೋಡಿಸಿದ ದಿನ ಮಾತ್ರವಲ್ಲದೆ ಪ್ರತಿದಿನವೂ, ಅಕಾಲಿಕ ಮಳೆ ಬಂದರೆ ಮಳೆಯ ನಂತರ ಮತ್ತೊಮ್ಮೆಯೂ ನೋಡಬೇಕೆಂಬುದು ಈ ವೃತ್ತಿಯ ಮೊದಲ ಪಾಠ.

ಎರಡು ಬಗೆಯ ಸವಕಳಿ

ಲೆಕ್ಕಪರಿಶೋಧಕನಾದವನಿಗೆ ಸವಕಳಿ ಎಂಬುದು ನಿತ್ಯದ ಮಾತು. ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗೆ ಇಳಿಕೆ ಮೌಲ್ಯದ ಮೇಲೆ ವರ್ಷಕ್ಕೆ ಶೇ. 15ರಂತೆ ಸವಕಳಿ ತೆಗೆಯುತ್ತೇವೆ. 10 ಲಕ್ಷ ರೂಪಾಯಿಯ ಯಂತ್ರವು ಹತ್ತು ವರ್ಷಗಳ ನಂತರ ಪುಸ್ತಕದಲ್ಲಿ 2 ಲಕ್ಷದ ಆಸುಪಾಸಿಗೆ, ಇಪ್ಪತ್ತು ವರ್ಷಗಳ ನಂತರ 39 ಸಾವಿರದ ಆಸುಪಾಸಿಗೆ ಇಳಿದಿರುತ್ತದೆ; ಎಂದಿಗೂ ಸೊನ್ನೆಯಾಗುವುದಿಲ್ಲ. ಆದರೆ ಕಬ್ಬಿಣಕ್ಕೆ ನಮ್ಮ ಪುಸ್ತಕ ತಿಳಿಯದು. ಅದರ ಸವಕಳಿ ಬೇರೆಯದೇ ಲೆಕ್ಕದಲ್ಲಿ ನಡೆಯುತ್ತದೆ.

ಒಂದು ಉದಾಹರಣೆ ನೋಡೋಣ. ನಿಮಿಷಕ್ಕೆ 6 ಸುತ್ತು ತಿರುಗುವ ಜೈಂಟ್ ವೀಲ್ ಒಂದು ಆಟಕ್ಕೆ 4 ನಿಮಿಷದಂತೆ ಸಂಜೆಗೆ 40 ಆಟ ನಡೆಸಿದರೆ 960 ಸುತ್ತುಗಳಾದವು. ವರ್ಷಕ್ಕೆ 150 ದಿನವೆಂದರೆ 1,44,000 ಸುತ್ತು. ಹತ್ತು ವರ್ಷಗಳಿಗೆ 14 ಲಕ್ಷಕ್ಕೂ ಹೆಚ್ಚು. ಪ್ರತಿ ಸುತ್ತಿನಲ್ಲೂ ಚಕ್ರದ ಒಂದೊಂದು ಕಡ್ಡಿಯೂ ಒಮ್ಮೆ ಎಳೆತಕ್ಕೆ, ಒಮ್ಮೆ ಒತ್ತಡಕ್ಕೆ ಒಳಗಾಗುತ್ತದೆ. ಒಂದು ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಿದ್ದರೆ ಕೊನೆಗೊಮ್ಮೆ ತುಂಡಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಲೋಹದ ದಣಿವು ಎನ್ನುವುದು ಇದನ್ನೇ. ಒಮ್ಮೆಗೆ ಹೊರಬಲ್ಲ ಭಾರವನ್ನೇ ಲಕ್ಷಾಂತರ ಬಾರಿ ಹೊತ್ತಾಗ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯ ಬಿರುಕು ಹುಟ್ಟಿ, ಯಾರಿಗೂ ಕಾಣದಂತೆ ಬೆಳೆಯುತ್ತದೆ.

ಇದರ ಜತೆಗೆ ಕರಾವಳಿಯಲ್ಲಿ ಇನ್ನೊಂದು ಶತ್ರುವಿದೆ, ಅದು ತುಕ್ಕು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಉಪ್ಪುಗಾಳಿ ಸದಾ ಬೀಸುವ ಈ ಪ್ರದೇಶದಲ್ಲಿ ಕಬ್ಬಿಣದ ಗೇಟು, ಕಿಟಕಿಯ ಸರಳುಗಳ ಗತಿ ಏನಾಗುತ್ತದೆಂದು ಮಲ್ಪೆ, ಕಾಪುವಿನ ಮನೆಯವರಿಗೆ ವಿವರಿಸಬೇಕಾಗಿಲ್ಲ. ಮನೋರಂಜನಾ ಯಂತ್ರದ ತೋಳುಗಳು ಹೆಚ್ಚಾಗಿ ಟೊಳ್ಳು ಕೊಳವೆಗಳು. ಹೊರಗೆ ಪ್ರತಿವರ್ಷ ಬಣ್ಣ ಬಳಿಯುತ್ತಾರೆ. ಒಳಗೆ ಸೇರಿದ ನೀರು ಹೊರಹೋಗಲು ದಾರಿಯಿಲ್ಲದಿದ್ದರೆ ಕೊಳವೆ ಒಳಗಿನಿಂದಲೇ ತೆಳ್ಳಗಾಗುತ್ತಾ ಬರುತ್ತದೆ.

ಇದು ಕೇವಲ ಊಹೆಯಲ್ಲ. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ 2017ರ ಜುಲೈ 26ರಂದು, ರಾಜ್ಯಮೇಳದ ಮೊದಲ ದಿನವೇ, 'ಫೈರ್ ಬಾಲ್' ಎಂಬ ತೂಗಿ ತಿರುಗುವ ಯಂತ್ರದ ಒಂದು ಆಸನಸಾಲು ಚಲನೆಯಲ್ಲಿರುವಾಗಲೇ ಮುರಿದು ಹಾರಿತು. 18 ವರ್ಷದ ತರುಣನೊಬ್ಬ ಮೃತಪಟ್ಟ. ಏಳು ಮಂದಿ ಗಾಯಗೊಂಡರು. ಆ ಯಂತ್ರ ಸರಕಾರಿ ತಪಾಸಣೆಯಲ್ಲಿ ಉತ್ತೀರ್ಣವಾಗಿತ್ತು. ಆಸನಗಳನ್ನು ಹೊತ್ತ ತೋಳಿನ ಒಳಭಾಗದಲ್ಲಿ ವರ್ಷಗಳಿಂದ ಬೆಳೆದ ತುಕ್ಕು ಅದರ ದಪ್ಪವನ್ನು ಅಪಾಯಕಾರಿಯಾಗಿ ತಗ್ಗಿಸಿತ್ತೆಂದು ಅದನ್ನು ತಯಾರಿಸಿದ ಡಚ್ ಸಂಸ್ಥೆಯೇ ಬಳಿಕ ತಿಳಿಸಿತು. ಹೊರಗಿನಿಂದ ನೋಡಿದವರ ಕಣ್ಣಿಗೆ ಬಣ್ಣ ಕಂಡಿತು, ಒಳಗಿನ ತುಕ್ಕು ಕಾಣಲಿಲ್ಲ. ಈ ದುರಂತದ ಫಲವಾಗಿ ಒಹಾಯೊ ರಾಜ್ಯವು 2019ರಲ್ಲಿ ಮೃತ ತರುಣನ ಹೆಸರಿನಲ್ಲೇ ತಪಾಸಣಾ ಕಾನೂನನ್ನು ಬಿಗಿಗೊಳಿಸಿತು.

ಕಣ್ಣಿಗೆ ಕಾಣದ್ದನ್ನು ಕಾಣುವ ಉಪಾಯಗಳು ಇಂದು ದುರ್ಲಭವಲ್ಲ. ಶ್ರವಣಾತೀತ ತರಂಗದ ಮಾಪಕವನ್ನು ಕೊಳವೆಯ ಹೊರಮೈಗೆ ತಾಗಿಸಿದರೆ ಉಳಿದಿರುವ ದಪ್ಪ ಎಷ್ಟೆಂದು ತಿಳಿಯುತ್ತದೆ. ಬೆಸುಗೆಯ ಮೇಲೆ ಬಣ್ಣದ ದ್ರವ ಹಚ್ಚಿ ಒರೆಸಿ, ಬಿಳಿಯ ಪುಡಿ ಸಿಂಪಡಿಸಿದರೆ ಬಿರುಕಿನೊಳಗೆ ಇಳಿದ ಬಣ್ಣ ಗೆರೆಯಾಗಿ ಹೊರಗೆ ಮೂಡುತ್ತದೆ. ಬಾಯ್ಲರ್, ಗ್ಯಾಸ್ ಸಿಲಿಂಡರ್, ಹಡಗುಗಳ ತಪಾಸಣೆಯಲ್ಲಿ ಇವು ನಿತ್ಯ ಬಳಕೆಯ ವಿಧಾನಗಳೇ.

ಪ್ರತಿದಿನದ ಕೀರ್ದಿ

ವ್ಯಾಪಾರಿಯು ಅಂಗಡಿ ತೆರೆದೊಡನೆ ಹಿಂದಿನ ದಿನದ ಶಿಲ್ಕನ್ನು ಎಣಿಸುವಂತೆ, ಮನೋರಂಜನಾ ಯಂತ್ರಕ್ಕೂ ದಿನದ ಆರಂಭದಲ್ಲಿ ಒಂದು ಕ್ರಮವಿದೆ. ಮೊದಲು ವಿದ್ಯುತ್ ಸಂಪರ್ಕ ತಪ್ಪಿಸಿ ಪ್ರತಿಯೊಂದು ಬೋಲ್ಟು, ಪಿನ್ನು, ಪಿನ್ನು ಜಾರದಂತೆ ತಡೆಯುವ ಕೊಂಡಿ, ಆಸನದ ತಡೆಕಂಬಿ ಇವುಗಳನ್ನು ಕೈಯಿಂದ ಮುಟ್ಟಿ ನೋಡಬೇಕು. ನಂತರ ಅರ್ಥಿಂಗ್ ಮತ್ತು ಸೋರಿಕೆ ವಿದ್ಯುತ್ತನ್ನು ತಡೆಯುವ ಸ್ವಿಚ್ಚನ್ನು ಪರೀಕ್ಷಿಸಬೇಕು. ಸಾವಿರಾರು ದೀಪಗಳನ್ನು ಹೊತ್ತ ಕಬ್ಬಿಣದ ಚೌಕಟ್ಟಿಗೆ ಒದ್ದೆ ನೆಲದಲ್ಲಿ ವಿದ್ಯುತ್ ಹರಿದರೆ ಆಗುವ ಅನಾಹುತ ಯಂತ್ರ ಮುರಿಯುವುದಕ್ಕಿಂತ ಕಡಿಮೆಯದಲ್ಲ. ಆಮೇಲೆ ಖಾಲಿ ಆಸನಗಳೊಂದಿಗೆ ಕೆಲವು ಸುತ್ತು ಓಡಿಸಿ ಶಬ್ದ ಆಲಿಸಬೇಕು, ಬ್ರೇಕು ಮತ್ತು ತುರ್ತು ನಿಲುಗಡೆಯ ಗುಂಡಿಯನ್ನು ಒತ್ತಿ ನೋಡಬೇಕು. ಇಷ್ಟಾದ ಮೇಲೆ ದಿನಾಂಕ, ಸಮಯ, ಕಂಡ ದೋಷ, ಬದಲಿಸಿದ ಭಾಗ ಇವನ್ನು ಬರೆದು ನೋಡಿದಾತ ರುಜು ಹಾಕಬೇಕು. ರುಜು ಬೀಳದೆ ಟಿಕೆಟ್ ಕಿಟಕಿ ತೆರೆಯಬಾರದು.

ಹೊಸದಾಗಿ ಜೋಡಿಸಿದಾಗ ಅಥವಾ ಬಹಳ ಕಾಲ ನಿಂತಿದ್ದ ಯಂತ್ರವನ್ನು ಮತ್ತೆ ಆರಂಭಿಸುವಾಗ ಭಾರದ ಪರೀಕ್ಷೆ ಮರಳಿನ ಚೀಲಗಳಿಂದ ಆಗಬೇಕೇ ಹೊರತು ಮನುಷ್ಯರಿಂದಲ್ಲ. ಚೆನ್ನೈ ಸಮೀಪದ ಕಿಷ್ಕಿಂತಾ ಉದ್ಯಾನದಲ್ಲಿ 2016ರ ಮೇ ತಿಂಗಳಲ್ಲಿ ಸಿಬ್ಬಂದಿಯನ್ನೇ ಕುಳ್ಳಿರಿಸಿ ನಡೆಸಿದ ಪರೀಕ್ಷಾ ಓಟದಲ್ಲಿ ಯಂತ್ರ ಕುಸಿದು ನೌಕರನೊಬ್ಬ ಪ್ರಾಣ ಕಳೆದುಕೊಂಡ. ಪ್ರವಾಸಿಗನ ಜೀವದಷ್ಟೇ ದುಡಿಯುವವನ ಜೀವವೂ ಅಮೂಲ್ಯವಲ್ಲವೇ?

ಯಂತ್ರ ಎಷ್ಟೇ ಉತ್ತಮವಾಗಿದ್ದರೂ ನಡೆಸುವವನು ನಿಯಮ ಮೀರಿದರೆ ಫಲವಿಲ್ಲ. ಇಂಗ್ಲೆಂಡಿನ ಆಲ್ಟನ್ ಟವರ್ಸ್ ಉದ್ಯಾನದ 'ಸ್ಮೈಲರ್' ಎಂಬ ರೋಲರ್ ಕೋಸ್ಟರ್ ಅತ್ಯಾಧುನಿಕವಾದುದು. ಮುಂದಿನ ಗಾಡಿ ದಾರಿಯಲ್ಲಿ ನಿಂತಿದ್ದರೆ ಹಿಂದಿನ ಗಾಡಿಯನ್ನು ತಾನಾಗಿ ತಡೆಯುವ ಕಂಪ್ಯೂಟರ್ ವ್ಯವಸ್ಥೆ ಅದಕ್ಕಿತ್ತು. 2015ರ ಜೂನ್ 2ರಂದು ಖಾಲಿ ಗಾಡಿಯೊಂದು ಹಳಿಯಲ್ಲಿ ಸಿಕ್ಕಿಕೊಂಡಾಗ ವ್ಯವಸ್ಥೆ ತನ್ನ ಕೆಲಸ ಮಾಡಿ ಹಿಂದಿನ ಗಾಡಿಯನ್ನು ನಿಲ್ಲಿಸಿತು. ನಿಂತ ಗಾಡಿಯ ವಿಷಯ ತಿಳಿಯದ ತಂತ್ರಜ್ಞರು ಇದು ಕಂಪ್ಯೂಟರಿನ ತಪ್ಪೆಂದು ಭಾವಿಸಿ ತಡೆಯನ್ನು ಮೀರಿ ಗಾಡಿ ಬಿಟ್ಟರು. ಡಿಕ್ಕಿಯಲ್ಲಿ 16 ಮಂದಿ ಗಾಯಗೊಂಡು, ಇಬ್ಬರು ಯುವತಿಯರು ಒಂದೊಂದು ಕಾಲನ್ನೇ ಕಳೆದುಕೊಂಡರು. ಮರುವರ್ಷ ನ್ಯಾಯಾಲಯವು ಸಂಸ್ಥೆಗೆ 50 ಲಕ್ಷ ಪೌಂಡ್ ದಂಡ ವಿಧಿಸಿತು. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಇದು ಆಂತರಿಕ ನಿಯಂತ್ರಣವನ್ನು ಉಲ್ಲಂಘಿಸಿದ ಪ್ರಕರಣ. ನಗದು ಪೆಟ್ಟಿಗೆಗೆ ಎರಡು ಬೀಗದ ಕೈಗಳನ್ನು ಇಬ್ಬರಲ್ಲಿ ಇಡುವುದು ಏಕೆ? ಒಬ್ಬನ ತಪ್ಪು ತಿಳಿವಳಿಕೆ ನಷ್ಟಕ್ಕೆ ಕಾರಣವಾಗಬಾರದೆಂದು. ನಿಂತ ಯಂತ್ರವನ್ನು ಮತ್ತೆ ಚಲಾಯಿಸುವ ತೀರ್ಮಾನಕ್ಕೂ ಇಬ್ಬರ ರುಜು ಬೇಕು.

ನಿಲ್ಲಿಸುವುದೂ ವ್ಯವಹಾರದ ಭಾಗ

ಸ್ಮೈಲರ್ ಪ್ರಕರಣದಲ್ಲಿ ಆ ದಿನದ ಗಾಳಿಯ ವೇಗವೂ ತಯಾರಕರ ಕೈಪಿಡಿಯ ಮಿತಿಯನ್ನು ಮೀರಿತ್ತು ಎಂಬುದು ತನಿಖೆಯಲ್ಲಿ ಹೊರಬಂತು. ಹವಾಮಾನದ ಪಾಠವನ್ನು ನಾವು ಅಷ್ಟು ದೂರ ಹೋಗಿ ಕಲಿಯಬೇಕಾಗಿಲ್ಲ. ಮಲ್ಪೆ ಕಡಲತೀರದಲ್ಲಿ 2022ರ ಮೇ 6ರಂದು ರಾಜ್ಯದ ಮೊದಲ ತೇಲುವ ಸೇತುವೆ ಉದ್ಘಾಟನೆಗೊಂಡಿತು. ಸುಮಾರು 100 ಮೀಟರ್ ಉದ್ದದ ಈ ಸೇತುವೆಯ ಮೇಲೆ ಅಲೆಗಳೊಡನೆ ಏರಿಳಿಯುತ್ತಾ ನಡೆಯುವುದು ಜನರಿಗೆ ಹೊಸ ಅನುಭವವಾಗಿತ್ತು. ಆದರೆ ಬಂಗಾಳ ಕೊಲ್ಲಿಯಲ್ಲಿ ಎದ್ದ ಅಸಾನಿ ಚಂಡಮಾರುತದ ದಿನಗಳಲ್ಲಿ ಇಲ್ಲಿಯ ಕಡಲೂ ಪ್ರಕ್ಷುಬ್ಧಗೊಂಡು, ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಸೇತುವೆಯ ಭಾಗಗಳು ಕಳಚಿಕೊಂಡವು. ಪ್ರಾಣಹಾನಿ ಆಗಲಿಲ್ಲವೆಂಬುದೇ ಸಮಾಧಾನ.

ನಮ್ಮ ಕಡಲ ಮಕ್ಕಳಿಗೆ ನಿಲ್ಲಿಸುವ ವಿವೇಕ ಹೊಸದಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಲ್ಲುತ್ತದೆ. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪದ ಬೋಟುಗಳೂ ದಡ ಸೇರುತ್ತವೆ. ಕಡಲಿಗೆ ಇಳಿಯದಿರುವುದನ್ನೂ ವ್ಯವಹಾರದ ಭಾಗವಾಗಿ ಸ್ವೀಕರಿಸಿದ ಊರು ನಮ್ಮದು. ಇದೇ ವಿವೇಕ ಗದ್ದೆಯಲ್ಲಿ ನಿಂತ ಜೈಂಟ್ ವೀಲಿಗೂ ಬೇಕು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು, ಮಿಂಚು, ಬಿರುಗಾಳಿ ಏಳುವುದು ಇಲ್ಲಿ ಸಾಮಾನ್ಯ. ಆಕಾಶ ಕಪ್ಪಾದಾಗ, ಸಾಲಿನಲ್ಲಿ ಇನ್ನೂ ಇನ್ನೂರು ಮಂದಿ ಕಾಯುತ್ತಿದ್ದರೂ, ಆಟ ನಿಲ್ಲಿಸುವ ಅಧಿಕಾರ ನಡೆಸುವವನಿಗೆ ಇರಬೇಕು; ಹಾಗೆ ನಿಲ್ಲಿಸಿದ್ದಕ್ಕಾಗಿ ಅವನ ಸಂಬಳ ಕಡಿತವಾಗಬಾರದು. ಹತ್ತು ದಿನಗಳ ನೆಲಬಾಡಿಗೆಯನ್ನು ಅತಿಯಾಗಿ ಏರಿಸಿದರೆ ಆ ಒತ್ತಡ ಕೊನೆಗೆ ಬಂದು ಬೀಳುವುದು ಬ್ರೇಕಿನ ಹಿಡಿಯ ಮೇಲೆ ಕೈಯಿಟ್ಟವನ ಮೇಲೆ. ಅತಿ ಹೆಚ್ಚು ಬಾಡಿಗೆ ಕೊಡುವವನಿಗೇ ಜಾಗ ಎಂಬ ಹರಾಜು ಪದ್ಧತಿಯಲ್ಲಿ ಈ ಅಪಾಯ ಅಡಗಿದೆ ಎಂಬುದನ್ನು ಸಮಿತಿಗಳು ಗಮನಿಸಬೇಕು.

ಅನುಮತಿ ಪತ್ರವೂ ಸುರಕ್ಷತೆಯೂ ಒಂದೇ ಅಲ್ಲ

ಸಾಮಾನ್ಯವಾಗಿ ಸ್ಥಳೀಯ ಸಂಸ್ಥೆ, ಪೊಲೀಸ್ ಇಲಾಖೆ, ಅಗ್ನಿಶಾಮಕ ಇಲಾಖೆ, ವಿದ್ಯುತ್ ಇಲಾಖೆಗಳ ಒಪ್ಪಿಗೆ ಪಡೆದು ಇಂತಹ ಆಟಗಳು ಆರಂಭವಾಗುತ್ತವೆ. ಆದರೆ ಒಬ್ಬರು ಜಾಗವನ್ನು, ಒಬ್ಬರು ಜನಸಂದಣಿಯನ್ನು, ಒಬ್ಬರು ಬೆಂಕಿಯನ್ನು, ಮತ್ತೊಬ್ಬರು ತಂತಿಯನ್ನು ನೋಡುತ್ತಾರೆ. ತಿರುಗುವ ತೋಳಿನೊಳಗಿನ ತುಕ್ಕನ್ನು ನೋಡುವವರು ಯಾರು ಎಂಬ ಪ್ರಶ್ನೆ ಇವರೆಲ್ಲರ ನಡುವೆ ಉಳಿದುಬಿಡುತ್ತದೆ.

ಅಹಮದಾಬಾದಿನ ಕಾಂಕರಿಯಾ ಕೆರೆಯ ಉದ್ಯಾನದಲ್ಲಿ 2019ರ ಜುಲೈ 14ರ ಭಾನುವಾರ, ಸುಮಾರು 30 ಮಂದಿಯನ್ನು ಹೊತ್ತು ಲೋಲಕದಂತೆ ತೂಗುತ್ತಿದ್ದ ಯಂತ್ರ ಮುರಿದು ಬಿತ್ತು. ಇಬ್ಬರು ಮೃತಪಟ್ಟು, 25ಕ್ಕೂ ಹೆಚ್ಚು ಮಂದಿ ಗಾಯಗೊಂಡರು, ನಡೆಸುತ್ತಿದ್ದವರು ಬಂಧನಕ್ಕೊಳಗಾದರು. ಮೊಹಾಲಿಯ ಮೇಳವೊಂದರಲ್ಲಿ 2022ರ ಸೆಪ್ಟೆಂಬರ್ 4ರಂದು ಸುಮಾರು 50 ಅಡಿ ಎತ್ತರದಿಂದ ಆಸನಗಳ ಸಾಲು ನೆಲಕ್ಕಪ್ಪಳಿಸಿ ಹಲವರು ಗಾಯಗೊಂಡರು. ರಾಜ್‌ಕೋಟಿನ ಆಟದ ವಲಯದಲ್ಲಿ 2024ರ ಮೇ 25ರಂದು, ಜನರು ಒಳಗಿರುವಾಗಲೇ ನಡೆಯುತ್ತಿದ್ದ ವೆಲ್ಡಿಂಗಿನ ಕಿಡಿಯಿಂದ ಬೆಂಕಿ ಹೊತ್ತಿ 27 ಮಂದಿ ಬಲಿಯಾದರು. ಅಲ್ಲಿ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೇ ಇರಲಿಲ್ಲ. ಪ್ರತಿ ದುರಂತದ ನಂತರ ಕೆಲವು ದಿನ ದೇಶದೆಲ್ಲೆಡೆ ತಪಾಸಣೆ ಬಿರುಸಾಗುವುದೂ, ಬಳಿಕ ತಣ್ಣಗಾಗುವುದೂ ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆಯೇ ಸರಿ.

ಮಾರ್ಗದರ್ಶನಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಭಾರತೀಯ ಮಾನಕ ಸಂಸ್ಥೆಯು ಮನೋರಂಜನಾ ಯಂತ್ರಗಳ ಸುರಕ್ಷತೆಗಾಗಿಯೇ ಐ.ಎಸ್. 15475 ಎಂಬ ಮಾನಕವನ್ನು ಪ್ರಕಟಿಸಿದೆ. ಜರ್ಮನಿಯ ಪದ್ಧತಿಯೊಂದು ನಮಗೆ ವಿಶೇಷವಾಗಿ ಅನುಕರಣೀಯ. ಅಲ್ಲಿ ಸಂಚಾರಿ ಮನೋರಂಜನಾ ಯಂತ್ರಕ್ಕೆ ತನ್ನದೇ ಆದ ಪರೀಕ್ಷಾ ಪುಸ್ತಕವಿರುತ್ತದೆ. ನಕ್ಷೆ, ಲೆಕ್ಕಾಚಾರ, ತಜ್ಞರ ತಪಾಸಣೆ, ಕಂಡುಬಂದ ದೋಷ ಎಲ್ಲವೂ ಅದರಲ್ಲಿ ದಾಖಲಾಗಿ, ಯಂತ್ರದೊಡನೆ ಆ ಪುಸ್ತಕವೂ ಊರಿಂದೂರಿಗೆ ಸಾಗುತ್ತದೆ. ಹೊಸ ಊರಿನ ಅಧಿಕಾರಿ ಮೊದಲು ಕೇಳುವುದು ಆ ಪುಸ್ತಕವನ್ನು. ಸಾಲ ಕೇಳಲು ಬಂದವನ ಹಳೆಯ ಖಾತೆಯನ್ನು ಬ್ಯಾಂಕಿನವರು ನೋಡುವಂತೆ, ಯಂತ್ರದ ಪೂರ್ವಚರಿತ್ರೆಯನ್ನು ನೋಡಿಯೇ ಅದಕ್ಕೆ ಜಾಗ ಸಿಗುತ್ತದೆ. ಕಾನೂನು ಬರುವವರೆಗೆ ಕಾಯದೆ ಇದನ್ನು ನಮ್ಮ ಸಮಿತಿಗಳೇ ಕರಾರಿನ ಷರತ್ತಾಗಿ ಮಾಡಿಕೊಳ್ಳಬಹುದು.

ಹೊಣೆ ಮತ್ತು ವಿಮೆ

"ನಮಗೆ ನೆಲಬಾಡಿಗೆ ಮಾತ್ರ" ಎಂಬ ಮಾತು ಕಾನೂನಿನ ಮುಂದೆ ಎಲ್ಲ ಸಂದರ್ಭಗಳಲ್ಲೂ ನಿಲ್ಲುತ್ತದೆಂದು ಭಾವಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಂತೆ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಐದು ವರ್ಷಗಳವರೆಗೆ ಸೆರೆವಾಸವಿದೆ. ಯಂತ್ರದ ವಿಷಯದಲ್ಲಿ ತೋರುವ ನಿರ್ಲಕ್ಷ್ಯಕ್ಕೆ 289ನೇ ಕಲಮು ಪ್ರತ್ಯೇಕವಾಗಿದೆ. ಟಿಕೆಟ್ ಕೊಂಡವನು ಗ್ರಾಹಕ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಸೇವೆಯ ಲೋಪಕ್ಕಾಗಿ ಆತ ಪರಿಹಾರ ಕೇಳಬಹುದು. ಟಿಕೆಟ್ಟಿನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ "ಅಪಾಯಕ್ಕೆ ನಾವು ಹೊಣೆಯಲ್ಲ" ಎಂದು ಮುದ್ರಿಸಿದ ಮಾತ್ರಕ್ಕೆ ಹೊಣೆ ಕಳೆದುಹೋಗುವುದಿಲ್ಲ.

ವಿಮೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ನಿವಾರಿಸುವುದು ಅಗತ್ಯ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆಯಂತೆ ಪಡೆದ ಪಾಲಿಸಿ ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವಾಗ ಆಗುವ ಅವಘಡಕ್ಕೆ ಸಂಬಂಧಿಸಿದ್ದು. ಅದು ಜಾತ್ರೆಯ ತೊಟ್ಟಿಲಿಗೆ ಒದಗುವುದಿಲ್ಲ. ಮನೋರಂಜನಾ ಯಂತ್ರಗಳಿಗೆ ಸಾರ್ವಜನಿಕ ಹೊಣೆಗಾರಿಕೆಯ ಪ್ರತ್ಯೇಕ ಪಾಲಿಸಿ ಬೇಕು. ಪಾಲಿಸಿಯಲ್ಲಿ ಯಂತ್ರದ ಹೆಸರು, ಆಟ ನಡೆಯುವ ಸ್ಥಳ, ದಿನಾಂಕಗಳು ಇವೆಯೇ, ಒಬ್ಬರಿಗೆ ಮತ್ತು ಒಟ್ಟಾರೆ ಮಿತಿ ಎಷ್ಟು, ಉತ್ಸವ ಸಮಿತಿಯ ಹೆಸರೂ ಸೇರಿದೆಯೇ ಎಂಬುದನ್ನು ಓದಿ ನೋಡಬೇಕು. ಲಾರಿಯ ವಿಮಾ ಪತ್ರವನ್ನು ತೋರಿಸಿ "ಇನ್ಶೂರೆನ್ಸ್ ಉಂಟು" ಎಂದರೆ ಸಾಲದು.

ಟಿಕೆಟ್ಟಿಗೆ ಹತ್ತು ರೂಪಾಯಿ

ಸುರಕ್ಷತೆ ದುಬಾರಿ, ಸಣ್ಣ ತಂಡಗಳಿಗೆ ಭರಿಸಲಾಗದು ಎಂಬ ಮಾತು ಕೇಳಿಬರುತ್ತದೆ. ಅಂಕಿಗಳನ್ನು ಇಟ್ಟು ನೋಡೋಣ. ಇವು ಕೇವಲ ಉದಾಹರಣೆಗಾಗಿ. ಓದುಗರು ತಮ್ಮ ಊರಿನ ದರಗಳನ್ನು ಹಾಕಿ ನೋಡಬಹುದು. ಒಂದು ಜೈಂಟ್ ವೀಲಿಗೆ ದಿನಕ್ಕೆ ಸರಾಸರಿ 800 ಮಂದಿಯಂತೆ ಹತ್ತು ದಿನಕ್ಕೆ 8,000 ಟಿಕೆಟ್ಟುಗಳು. ತಲಾ 100 ರೂಪಾಯಿಯಂತೆ ವಸೂಲಿ 8 ಲಕ್ಷ. ಸ್ವತಂತ್ರ ಇಂಜಿನಿಯರರ ತಪಾಸಣೆಗೆ 20,000, ಕೊಳವೆಯ ದಪ್ಪ ಮತ್ತು ಬೆಸುಗೆಯ ಪರೀಕ್ಷೆಗೆ 12,000, ವಿಮೆಗೆ 18,000, ಇಬ್ಬರು ಹೆಚ್ಚುವರಿ ಸಿಬ್ಬಂದಿಗೆ ದಿನಕ್ಕೆ ತಲಾ 800ರಂತೆ 16,000, ತಡೆಬೇಲಿ, ಸ್ವಿಚ್ಚು, ಫಲಕ ಇತ್ಯಾದಿಗೆ 14,000 ಎಂದಿಟ್ಟುಕೊಂಡರೆ ಒಟ್ಟು 80,000 ರೂಪಾಯಿ. ಅಂದರೆ ಟಿಕೆಟ್ಟಿಗೆ 10 ರೂಪಾಯಿ. ಅದೇ ಜಾತ್ರೆಯಲ್ಲಿ ಮಾರುವ ಒಂದು ಪೊಟ್ಟಣ ಚುರುಮುರಿಗೂ ಇದಕ್ಕಿಂತ ಹೆಚ್ಚು ಕೊಡುತ್ತೇವೆ. ಇದರಲ್ಲಿ ಪರೀಕ್ಷೆಯ ಖರ್ಚನ್ನು ಹಲವು ಜಾತ್ರೆಗಳಿಗೆ ಹಂಚಿದರೆ ಹೊರೆ ಇನ್ನೂ ಇಳಿಯುತ್ತದೆ.

ತೆರಿಗೆಯ ದೃಷ್ಟಿಯಿಂದಲೂ ಒಂದು ಮಾತು. ತಪಾಸಣೆ, ದುರಸ್ತಿ, ವಿಮೆಗಳ ವೆಚ್ಚ ವ್ಯವಹಾರದ ಖರ್ಚಾಗಿ ಮಾನ್ಯವಾಗುತ್ತದೆ. ಕಾನೂನು ಮುರಿದದ್ದಕ್ಕಾಗಿ ತೆತ್ತ ದಂಡ ಮಾನ್ಯವಾಗುವುದಿಲ್ಲ.

ಸಣ್ಣ ಕೈಗಾರಿಕೆಗಳ ಪಾತ್ರ

ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದಿಂದ ಹಿಡಿದು ಕಾರ್ಕಳದ ರಸ್ತೆಬದಿಯ ವೆಲ್ಡಿಂಗ್ ಶಾಪಿನವರೆಗೆ ನಮ್ಮ ಸಣ್ಣ ಉದ್ಯಮಿಗಳ ಬಾಗಿಲಿಗೆ ಇಂತಹ ಕೆಲಸ ಯಾವಾಗಲಾದರೂ ಬರಬಹುದು. ಸಂಜೆ ಆಟ ಶುರುವಾಗಬೇಕು, ಬೆಳಿಗ್ಗೆ ಮುರಿದ ಭಾಗ ಹಿಡಿದುಕೊಂಡು ಬಂದು ಬೇಗ ಒಂದು ಟಾಕಿ ಹಾಕಿಕೊಡಿ ಎನ್ನುತ್ತಾರೆ. ಗೇಟಿಗೆ ಹಾಕುವ ಬೆಸುಗೆಯೇ ಬೇರೆ, ಮನುಷ್ಯರನ್ನು ಹೊತ್ತು ತಿರುಗುವ ತೋಳಿಗೆ ಹಾಕುವ ಬೆಸುಗೆಯೇ ಬೇರೆ. ಯಾವ ಉಕ್ಕು, ಯಾವ ರಾಡು ಎಂದು ತಿಳಿಯದೆ ಬಿರುಕಿನ ಮೇಲೆ ಬೆಸುಗೆ ಹಾಕಿದರೆ ಬಿರುಕು ಮುಚ್ಚುತ್ತದೆಯೇ ಹೊರತು ಹೋಗುವುದಿಲ್ಲ. ಪಕ್ಕದಲ್ಲಿ ಹೊಸದೊಂದು ಹುಟ್ಟುವುದೂ ಉಂಟು. ಮಾಡಿಕೊಟ್ಟ ಕೆಲಸದ ಬಿಲ್ಲಿನಲ್ಲಿ ಬಳಸಿದ ವಸ್ತುವಿನ ದರ್ಜೆ ಮತ್ತು ದಿನಾಂಕವನ್ನು ಬರೆಯುವುದು, ತಯಾರಕರ ನಕ್ಷೆ ಇಲ್ಲದ ಭಾರ ಹೊರುವ ಭಾಗದ ಕೆಲಸವನ್ನು ಒಪ್ಪಿಕೊಳ್ಳದಿರುವುದು ವೃತ್ತಿಧರ್ಮ. ಒಂದು ದಿನದ ಗಿರಾಕಿ ತಪ್ಪಿಹೋದರೂ ನಿದ್ರೆ ಉಳಿಯುತ್ತದೆ.

ಜಾಗ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಉತ್ಸವ ಸಮಿತಿಗಳ ಉಪಯೋಗಕ್ಕಾಗಿ ಕೆಲವು ಅಂಶಗಳನ್ನು ಇಲ್ಲಿ ಕ್ರೋಡೀಕರಿಸಿದೆ.

1. ಯಂತ್ರ ತಯಾರಾದ ವರ್ಷ, ತಯಾರಕರ ಹೆಸರು, ಕೈಪಿಡಿ ಇದೆಯೇ? ಕಳೆದ ಮೂರು ಊರುಗಳ ದಿನವಹಿ ಪುಸ್ತಕ ತೋರಿಸಬಲ್ಲರೇ?

2. ಕಳೆದ ಒಂದು ವರ್ಷದೊಳಗೆ ಬೆಸುಗೆ ಮತ್ತು ಕೊಳವೆಗಳ ಪರೀಕ್ಷೆ ಆಗಿದೆಯೇ? ಅದನ್ನು ಮಾಡಿದವರು ತಂಡಕ್ಕೆ ಸೇರದ ಸ್ವತಂತ್ರ ತಜ್ಞರೇ?

3. ಇಲ್ಲಿ ಜೋಡಿಸಿದ ನಂತರ ಇಂಜಿನಿಯರರು ನೋಡಿ ರುಜು ಹಾಕಿದ್ದಾರೆಯೇ? ಬೇರೆ ಊರಿನಲ್ಲಿ ಪಡೆದ ಪ್ರಮಾಣಪತ್ರ ಇಲ್ಲಿಯ ಜೋಡಣೆಗೆ ಸಾಕ್ಷಿಯಾಗದು.

4. ಈ ಸ್ಥಳ, ಈ ದಿನಾಂಕಗಳಿಗೆ ಹೊಣೆಗಾರಿಕೆ ವಿಮೆ ಇದೆಯೇ? ದುಡಿಯುವವರಿಗೆ ವಿಮೆ ಇದೆಯೇ?

5. ಪ್ರತಿ ಆಟಕ್ಕೂ ಎತ್ತರದ ಗೆರೆ, ಏರಬಾರದವರ ಪಟ್ಟಿ ಕನ್ನಡದಲ್ಲಿ ಇದೆಯೇ? ಉದ್ದ ಕೂದಲು, ಚೂಡಿದಾರದ ಶಾಲು, ಸೀರೆಯ ಸೆರಗನ್ನು ಕಟ್ಟಿಕೊಳ್ಳುವಂತೆ ಹೇಳುವವರಿದ್ದಾರೆಯೇ? ತಿರುಗುವ ಯಂತ್ರಕ್ಕೆ ಇವು ಸಿಕ್ಕಿ ಆದ ಅವಘಡಗಳು ದೇಶದಲ್ಲಿ ಕಡಿಮೆಯೇನಲ್ಲ.

6. ನಡೆಸುವವನು ಕುಳಿತಲ್ಲಿಂದ ಎಲ್ಲ ಆಸನಗಳೂ ಕಾಣುತ್ತವೆಯೇ? ದಿನಕ್ಕೆ ಎಷ್ಟು ಗಂಟೆ ದುಡಿಯುತ್ತಾನೆ? ಬದಲಿ ಆಳು ಇದ್ದಾನೆಯೇ?

7. ವಿದ್ಯುತ್ ಹೋದಾಗ ಮೇಲೆ ಉಳಿದವರನ್ನು ಇಳಿಸುವ ವ್ಯವಸ್ಥೆ ಏನು? ಒಮ್ಮೆ ಮಾಡಿ ತೋರಿಸಬಲ್ಲರೇ? ಆಂಬುಲೆನ್ಸ್ ಮೈದಾನದೊಳಗೆ ಬರಲು ದಾರಿ ಬಿಟ್ಟಿದೆಯೇ?

ಈ ಏಳು ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಇಂಜಿನಿಯರಿಂಗ್ ಪದವಿ ಬೇಡ. ಕೇಳುವ ಮನಸ್ಸು ಸಾಕು. ತಾಂತ್ರಿಕ ಪ್ರಶ್ನೆಗಳಿಗೆ ನೆರವು ಬೇಕಾದರೆ ನಮ್ಮ ಜಿಲ್ಲೆ ಅದರಲ್ಲಿ ಬಡವಾಗಿಲ್ಲ. ಮಣಿಪಾಲದಲ್ಲಿ 1957ರಲ್ಲಿ, ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 1986ರಲ್ಲಿ, ಕಾಪು ತಾಲೂಕಿನ ಬಂಟಕಲ್ಲಿನಲ್ಲಿ 2010ರಲ್ಲಿ ಸ್ಥಾಪನೆಯಾದ ಇಂಜಿನಿಯರಿಂಗ್ ಕಾಲೇಜುಗಳಿವೆ. ಈ ಸಂಸ್ಥೆಗಳ ಯಂತ್ರಶಾಸ್ತ್ರ ವಿಭಾಗಗಳನ್ನೂ ಅರ್ಹ ಇಂಜಿನಿಯರರನ್ನೂ ಸಂಪರ್ಕಿಸಿ, ಉತ್ಸವ ಸಮಿತಿಗಳು ನಿಗದಿತ ಶುಲ್ಕಕ್ಕೆ ಕರೆಸಿಕೊಳ್ಳಬಹುದಾದ ತಜ್ಞರ ಪಟ್ಟಿಯೊಂದನ್ನು ನಮ್ಮ ವಾಣಿಜ್ಯ ಸಂಘ ಸಿದ್ಧಪಡಿಸಿದರೆ ಅದು ಸದಸ್ಯರಿಗೂ ಸಾರ್ವಜನಿಕರಿಗೂ ಸಲ್ಲುವ ದೊಡ್ಡ ಸೇವೆಯಾದೀತು. ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಇದು ಚರ್ಚೆಗೆ ಬರಲಿ ಎಂಬುದು ನನ್ನ ವಿನಂತಿ.

ಆರಂಭದಲ್ಲಿ ಹೇಳಿದ ಕೋಶಾಧಿಕಾರಿಗಳ ಕಡತವನ್ನು ಮರುವರ್ಷವೂ ನಾನೇ ನೋಡಿದೆ. ನೆಲಬಾಡಿಗೆಯ ಮೊತ್ತ ಹಿಂದಿನ ವರ್ಷಕ್ಕಿಂತ ಸ್ವಲ್ಪ ಕಡಿಮೆಯಾಗಿತ್ತು. ಕಾರಣವೇನೆಂದು ಹುಡುಕಿದರೆ ಹಿಂದಿನ ಪುಟದಲ್ಲಿ ಇಂಜಿನಿಯರೊಬ್ಬರ ವರದಿ, ವಿಮಾ ಪಾಲಿಸಿಯ ಪ್ರತಿ, ಹತ್ತು ದಿನಗಳ ರುಜುಗಳಿದ್ದ ಒಂದು ಹಾಳೆ ಹೊಲಿಯಲ್ಪಟ್ಟಿದ್ದವು. ಐದನೆಯ ದಿನದ ಸಾಲಿನಲ್ಲಿ, "ಮೂರನೇ ತೊಟ್ಟಿಲಿನ ಪಿನ್ನು ಸವೆದಿದೆ, ಬದಲಿಸಲಾಯಿತು, ಸಂಜೆ 6ರ ಬದಲು 7ಕ್ಕೆ ಆರಂಭ" ಎಂದು ಬರೆದಿತ್ತು. ಆ ಒಂದು ಗಂಟೆಯ ವಸೂಲಿ ಯಾರ ಪುಸ್ತಕದಲ್ಲೂ ಜಮೆಯಾಗಿರಲಿಲ್ಲ. ಆ ವರ್ಷದ ಲೆಕ್ಕಪತ್ರಕ್ಕೆ ನಾನು ಸಂತೋಷದಿಂದ ರುಜು ಹಾಕಿದೆ.